ಸೂರ್ಯನ ಮೈಗಿಂತ ಸುತ್ತಲಿನ ಗಾಳಿ ಬಿಸಿ ಯಾಕೆ? ಅಪ್ಪನ ವಿಡಿಯೋ ಹೇಳೋದು ನಿಜಾನಾ?

ಕಡಲೆಪುರಿ
ಎಲ್ಲರಿಗೂ ನಮಸ್ಕಾರ. ರಿಟೈರ್ ಆದ ಮೇಲೆ ನಮ್ಮಪ್ಪನಿಗೆ ವಿಡಿಯೋ ನೋಡುವ ಚಟ ಹತ್ತಿದೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದರು. "ವಿಶ್ವದಲ್ಲಿ ನೂರಕ್ಕೆ 99 ಭಾಗ ಪ್ಲಾಸ್ಮಾ ಅಂತೆ ಕಣೋ. ಪ್ಲಾಸ್ಮಾ ಅಂದ್ರೆ ಕರೆಂಟು. ಗುರುತ್ವ ಗಿರುತ್ವ ಎಲ್ಲ ಸುಮ್ನೆ ಹೇಳಿಕೊಟ್ಟಿದ್ದು. ಸೂರ್ಯ ಉರಿಯೋದೇ ಹೊರಗಿನಿಂದ ಬರೋ ಕರೆಂಟಿನಿಂದ, ನಮ್ಮನೆ ಬಲ್ಬ್ ಥರ."

ಸಾಕ್ಷಿ ಏನು ಅಂದೆ. ಅದಕ್ಕೆ ಅವರು: ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ಅದರ ಹೊರಗೆ ಸುತ್ತಿಕೊಂಡಿರುವ ತೆಳು ಗಾಳಿ, ಅಂದರೆ ಕರೋನಾ ಮಾತ್ರ 10 ಲಕ್ಷ ಡಿಗ್ರಿಗೂ ಮೇಲೆ. "ಒಲೆಯಿಂದ ದೂರ ಹೋದಷ್ಟೂ ಸೆಖೆ ಜಾಸ್ತಿ ಆಗೋದು ಎಲ್ಲಾದರೂ ಉಂಟಾ? ಬಿಸಿ ಹೊರಗಿನಿಂದ ಬರ್ತಿದೆ ಅಂತ ಅಲ್ವಾ ಅರ್ಥ?"

ನಾನು ಕಾಮರ್ಸ್ ಓದಿದವನು. ಬಾಯಿ ಮುಚ್ಚಿಕೊಂಡು ಸಾರನ್ನ ತಿಂದೆ. ಯಾರಾದರೂ ಉತ್ತರ ಕೊಡಿ. ಭಾನುವಾರ ಮತ್ತೆ ಊರಿಗೆ ಹೋಗಬೇಕು.

ಬಿಸಿಬೇಳೆ
ಪ್ಲಾಸ್ಮಾ ಅಂದ್ರೆ ಕೋವಿಡ್ ಟೈಮಲ್ಲಿ ರಕ್ತದಿಂದ ತೆಗೀತಿದ್ರಲ್ಲ, ಅದಲ್ವಾ?

ಟ್ಯೂಬ್‌ಲೈಟ್
@ಬಿಸಿಬೇಳೆ ಅದು ಬೇರೆ, ಇದು ಬೇರೆ. ಆದರೆ ಹೆಸರಿನ ನಂಟು ಇದೆ. 1928ರಲ್ಲಿ ಲ್ಯಾಂಗ್‌ಮ್ಯೂರ್ ಅನ್ನುವ ಅಮೆರಿಕದ ವಿಜ್ಞಾನಿ ಗಾಜಿನ ಕೊಳವೆಯಲ್ಲಿ ಹೊಳೆಯುವ ಅನಿಲಕ್ಕೆ ಈ ಹೆಸರಿಟ್ಟರು. ರಕ್ತದ ಪ್ಲಾಸ್ಮಾ ಕಣಗಳನ್ನು ಹೊತ್ತುಕೊಂಡು ಹೋಗುವುದನ್ನು ನೆನೆದು ಇಟ್ಟ ಹೆಸರು ಅಂತ ಓದಿದ ನೆನಪು.

ಅನಿಲವನ್ನು ಚೆನ್ನಾಗಿ ಕಾಯಿಸಿದರೆ ಅಣುವಿನಿಂದ ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ. ಆ ಕಲಬೆರಕೆಯೇ ಪ್ಲಾಸ್ಮಾ. ಸಿಡಿಲು, ವೆಲ್ಡಿಂಗ್ ಕಿಡಿ, ನನ್ನ ಹೆಸರಿನ ಟ್ಯೂಬ್‌ಲೈಟ್, ಎಲ್ಲ ಅದೇ. ಎಷ್ಟು ಬಿಸಿಗೆ ಎಷ್ಟು ಕಳಚುತ್ತದೆ ಅನ್ನುವ ಲೆಕ್ಕ ಕೊಟ್ಟವರು ನಮ್ಮ ಮೇಘನಾದ ಸಹಾ, 1920ರಲ್ಲಿ.

99 ಭಾಗ ಅನ್ನುವುದು ಸುಳ್ಳೇನಲ್ಲ. ಕಣ್ಣಿಗೆ ಕಾಣುವ ಮಾಮೂಲಿ ವಸ್ತುವಿನಲ್ಲಿ ಬಹುಪಾಲು ಪ್ಲಾಸ್ಮಾನೇ. ಆದರೆ ಅದರಿಂದ ಗುರುತ್ವ ಸುಳ್ಳು ಅಂತ ಹೇಗಾಗುತ್ತದೆ? ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ಹಾಗಂತ ಮೂಳೆ ಸುಳ್ಳಾ?

ಬಿಸಿಬೇಳೆ
ಸರಿ ಸರಿ. ನೀವು ಹೆಸರಿಗೆ ಮಾತ್ರ ಟ್ಯೂಬ್‌ಲೈಟ್ 😄

ಹೊಸಪೇಟೆ_ಬಿಸಿಲು
ಅಪ್ಪನ ಪ್ರಶ್ನೆಗೆ ಸುಲಭದ ಉತ್ತರ ಇದೆ. ದೀಪಾವಳಿಯಲ್ಲಿ ಸುರುಸುರುಬತ್ತಿ ಹಚ್ಚುತ್ತೇವಲ್ಲ, ಅದರ ಕಿಡಿ ಸಾವಿರ ಡಿಗ್ರಿ ಬಿಸಿ. ಕೈ ಮೇಲೆ ಬಿದ್ದರೆ ಚುರ್ ಅನ್ನುತ್ತದೆ ಅಷ್ಟೆ. ಅದೇ ನೂರು ಡಿಗ್ರಿಯ ಸಾರು ಚೆಲ್ಲಿಕೊಂಡರೆ ಆಸ್ಪತ್ರೆ. ಕರೋನಾ ಕೂಡ ಕಿಡಿಯ ಥರ. ಡಿಗ್ರಿ ಜಾಸ್ತಿ, ಸರಕು ಕಡಿಮೆ. ನಾವು ಉಸಿರಾಡುವ ಗಾಳಿಗಿಂತ ಕೋಟ್ಯಂತರ ಪಟ್ಟು ತೆಳು. ಅಷ್ಟೇ ವಿಷಯ.

ಪಿಯುಸಿ_ಮೇಷ್ಟ್ರು
ಅಷ್ಟೇ ಅಲ್ಲ ಸ್ವಾಮಿ. ಸುರುಸುರುಬತ್ತಿ ಉದಾಹರಣೆ ಚೆನ್ನಾಗಿದೆ, ನಾನೂ ಕ್ಲಾಸಿನಲ್ಲಿ ಹೇಳುತ್ತೇನೆ. ಆದರೆ ಅದು ಅರ್ಧ ಉತ್ತರ. ಸರಕು ಕಡಿಮೆ ಇರುವುದರಿಂದ ಅಷ್ಟು ಬಿಸಿ ಮಾಡಲು ಶಕ್ತಿ ಜಾಸ್ತಿ ಬೇಡ, ಸೂರ್ಯ ಸೂಸುವ ಶಕ್ತಿಯಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲೂ ಬೇಡ. ಇದು ಒಪ್ಪಿದೆ. ಆದರೆ ಆ ಚೂರು ಶಕ್ತಿ ಮೇಲೆ ಹತ್ತಿದ್ದು ಹೇಗೆ? ಶಾಖ ಯಾವಾಗಲೂ ಬಿಸಿ ಕಡೆಯಿಂದ ತಣ್ಣಗಿನ ಕಡೆಗೆ ಹರಿಯುತ್ತದೆ. 5,500 ಡಿಗ್ರಿಯ ಮೈ 10 ಲಕ್ಷ ಡಿಗ್ರಿಯ ಗಾಳಿಯನ್ನು ಶಾಖ ದಾಟಿಸಿ ಕಾಯಿಸಲು ಆಗುವುದೇ ಇಲ್ಲ. ಅಪ್ಪನವರ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ತಪ್ಪು.

ಶಕ್ತಿ ಶಾಖವಾಗಿ ಹತ್ತುತ್ತಿಲ್ಲ. ಕಾಂತಕ್ಷೇತ್ರದ ರೂಪದಲ್ಲಿ ಹತ್ತಿ, ಮೇಲೆ ಹೋಗಿ ಶಾಖವಾಗುತ್ತಿದೆ. ನಿಮ್ಮ ಮನೆಗೆ ಕಂಬದ ತಂತಿಯಲ್ಲಿ ಶಾಖ ಬರುತ್ತದಾ? ಗೀಸರ್‌ನಲ್ಲಿ ನೀರು ಕಾಯುತ್ತದೆ ಅಲ್ವಾ? ಹಾಗೆ.

ನಿಜ_ಹುಡುಕು
ಮೇಷ್ಟ್ರೇ, ಕಂಬ, ತಂತಿ, ಗೀಸರ್ ಅಂತ ನೀವೇ ಒಪ್ಪಿಕೊಂಡಿರಿ! ನಾವು ಹೇಳುವುದೂ ಅದನ್ನೇ. ಸೂರ್ಯ ಕರೆಂಟಿನದು. ಪ್ಲಾಸ್ಮಾ ವಿಜ್ಞಾನಿ ಆಲ್ಫ್‌ವೆನ್‌ಗೆ 1970ರಲ್ಲಿ ನೊಬೆಲ್ ಕೊಟ್ಟರು. ಆದರೂ ಖಗೋಳದವರು ಅವರ ಮಾತು ಕೇಳಲಿಲ್ಲ. ಪ್ಲಾಸ್ಮಾ ಅಂದರೆ ಅವರಿಗೆ ಅಲರ್ಜಿ.

ಗೌರಿಬಿದನೂರು_ಪಕ್ಕ
ಅಲರ್ಜಿನಾ? ಗೌರಿಬಿದನೂರಿಗೆ ಬನ್ನಿ ಒಂದು ಸಲ. ಹೊಲದ ಮಧ್ಯೆ ಸಾಲಾಗಿ ಆಂಟೆನಾ ನಿಂತಿವೆ. ಡಿಶ್ ಅಲ್ಲ. ಹಳೇ ಟಿವಿ ಆಂಟೆನಾಗಳ ದೊಡ್ಡಣ್ಣಂದಿರ ಥರ ಕಾಣುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ರೇಡಿಯೋಹೀಲಿಯೋಗ್ರಾಫ್, ಅಂದರೆ ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಯಂತ್ರ, 1997ರಿಂದ ಅಲ್ಲಿ ನಡೆಯುತ್ತಿದೆ. ಇಡೀ ಕೆಲಸವೇ ಕರೋನಾದ ಪ್ಲಾಸ್ಮಾ ನೋಡುವುದು.

ಅದರ ಯುಕ್ತಿ ನನಗೆ ತುಂಬಾ ಇಷ್ಟ. ಪ್ಲಾಸ್ಮಾ ಎಷ್ಟು ದಟ್ಟ ಅನ್ನುವುದರ ಮೇಲೆ ಅದರ ರೇಡಿಯೋ ಸ್ವರ ನಿಂತಿದೆ. ಸೂರ್ಯನ ಹತ್ತಿರ ದಟ್ಟ, ಸ್ವರ ಮೇಲು. ದೂರ ಹೋದಂತೆ ತೆಳು, ಸ್ವರ ಇಳಿಯುತ್ತದೆ. 80 ಮೆಗಾಹರ್ಟ್ಸ್ ಸುತ್ತಮುತ್ತ ಕೇಳಿದರೆ ಕರೋನಾ ಸಿಗುತ್ತದೆ, ನಮ್ಮ ಎಫ್‌ಎಂ ಬ್ಯಾಂಡಿನ ಪಕ್ಕದ ಮನೆ. ಸೂರ್ಯನಿಂದ ಎಲೆಕ್ಟ್ರಾನ್ ಗುಂಪು ಚಿಮ್ಮಿದರೆ ಸ್ವರ ಕೆಲವೇ ಸೆಕೆಂಡಿನಲ್ಲಿ ಸರ್ ಅಂತ ಕೆಳಗಿಳಿಯುತ್ತದೆ. ಆಘಾತದ ಅಲೆ ಹೊರಟರೆ ನಿಧಾನಕ್ಕೆ, ನಿಮಿಷಗಟ್ಟಲೆ ಇಳಿಯುತ್ತದೆ. ಇಳಿಯುವ ವೇಗ ನೋಡಿಯೇ ಏನು ಹೊರಟಿದೆ, ಎಷ್ಟು ಜೋರಾಗಿ ಹೊರಟಿದೆ ಅಂತ ಹೇಳಬಹುದು.

ಇದನ್ನೆಲ್ಲ ಮಾಡುವವರಿಗೆ ಪ್ಲಾಸ್ಮಾ ಅಲರ್ಜಿ ಅಂತೀರಲ್ಲ.

ಹ್ಯಾಮ್_ಮೈಸೂರು
ಗೌರಿಬಿದನೂರಿನವರೇ, ನಮಗೆ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಇದು ಪುಸ್ತಕದ ವಿಷಯ ಅಲ್ಲ. 2024ರ ಮೇ 10, ಮಧ್ಯಾಹ್ನ. ಸ್ನೇಹಿತನ ಜೊತೆ ಶಾರ್ಟ್‌ವೇವ್‌ನಲ್ಲಿ ಮಾತಾಡುತ್ತಿದ್ದೆ. ಮಾತು ನಡುವೆ ನಿಂತಿತು. ಬರೀ ಗೊರ್ ಅನ್ನುವ ಸದ್ದೂ ಇಲ್ಲ, ಬ್ಯಾಂಡ್ ಪೂರ್ತಿ ಸತ್ತು ಬಿದ್ದಿತ್ತು. ಆಂಟೆನಾ ಕೇಬಲ್ ಇಲಿ ಕಡಿದಿದೆ ಅಂತ ತಾರಸಿ ಹತ್ತಿದೆ. ಆ ಬಿಸಿಲಲ್ಲಿ ಎಲ್ಲ ಜಾಯಿಂಟ್ ಬಿಚ್ಚಿ ಕಟ್ಟಿ ಇಳಿದು ಬಂದರೆ ತಾನಾಗೇ ಸರಿಯಾಗಿತ್ತು. ಆಮೇಲೆ ತಿಳಿಯಿತು, ಸೂರ್ಯನಲ್ಲಿ ಎಕ್ಸ್ ದರ್ಜೆಯ, ಅಂದರೆ ಅತಿ ಜೋರಿನ ಜ್ವಾಲೆ. ಅದರ ಎಕ್ಸ್-ರೇ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ನಮ್ಮ ತಲೆ ಮೇಲಿನ ಅಯಾನುಗೋಳದ (ವಾತಾವರಣದ ಮೇಲ್ಭಾಗದ ಪ್ಲಾಸ್ಮಾ) ಕೆಳಪದರವನ್ನು ದಪ್ಪ ಮಾಡಿ ಸಿಗ್ನಲ್ ನುಂಗಿಹಾಕಿತ್ತು.

ಹೆಂಡತಿ ಇವತ್ತಿಗೂ "ಸೂರ್ಯ ಕಡಿದ ಕೇಬಲ್" ಅಂತ ಆಡಿಕೊಳ್ಳುತ್ತಾಳೆ.

ಮಲ್ನಾಡ್_ಮಳೆ
ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಫೋಟೋ ಬಂದಿತ್ತಲ್ಲ! ನಾವು ಇಲ್ಲಿ ಮೋಡ ನೋಡಿಕೊಂಡು ಕೂತಿದ್ದೆವು.

ನಿಜ_ಹುಡುಕು
ವಿಷಯ ಬಿಟ್ಟು ಓಡಬೇಡಿ. ಆಲ್ಫ್‌ವೆನ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಪಿಯುಸಿ_ಮೇಷ್ಟ್ರು
ಕೊಡೋಣ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಂದು ಕೂತುಕೊಳ್ಳಿ.

ಹ್ಯಾನೆಸ್ ಆಲ್ಫ್‌ವೆನ್ ಸ್ವೀಡನ್ನಿನವರು. 1942ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಪ್ಲಾಸ್ಮಾದಲ್ಲಿ ಕಾಂತಕ್ಷೇತ್ರ ವೀಣೆಯ ತಂತಿಯ ಹಾಗೆ ಬಿಗಿದುಕೊಂಡಿರುತ್ತದೆ, ಮೀಟಿದರೆ ಅಲೆ ಓಡುತ್ತದೆ ಅಂತ. ಆಗ ಹೆಚ್ಚಿನವರು ನಂಬಲಿಲ್ಲ, ಅದು ನಿಜ. ಈಗ? ಆ ಅಲೆಗೆ ಅವರದೇ ಹೆಸರು. ಕರೋನಾ ಕಾಯುವುದಕ್ಕೆ ಕಾರಣ ಹುಡುಕುವವರಲ್ಲಿ ಒಂದು ಪಂಗಡ ಪೂರ್ತಿ ಆ ಅಲೆಯ ಹಿಂದೆಯೇ ಇದೆ. ಖಗೋಳದವರು ಅವರ ಮಾತು ಕೇಳಲಿಲ್ಲ ಅನ್ನುವುದು ತಪ್ಪು.

ಇನ್ನು ಆ ಅಲೆ ಏಳುವುದು ಹೇಗೆ. ಶಾವಿಗೆ ಪಾಯಸ ನೆನೆಸಿಕೊಳ್ಳಿ. ಹಾಲು ಪ್ಲಾಸ್ಮಾ, ಶಾವಿಗೆ ಎಳೆ ಕಾಂತರೇಖೆ. ಎರಡೂ ಅಂಟಿಕೊಂಡೇ ಇರುತ್ತವೆ. ಸೂರ್ಯನ ಮೇಲ್ಮೈಯಲ್ಲಿ ಹಾಲು ಗಟ್ಟಿ, ಕೊತಕೊತ ಕುದಿಯುತ್ತಿದೆ. ಹಾಲು ಹೋದ ಕಡೆ ಶಾವಿಗೆ ಹೋಗುತ್ತದೆ, ತಿರುಚಿಕೊಳ್ಳುತ್ತದೆ. ಮೇಲೆ ಕರೋನಾದಲ್ಲಿ ಹಾಲು ಬತ್ತಿಹೋಗಿದೆ. ಅಲ್ಲಿ ಯಜಮಾನಿಕೆ ಶಾವಿಗೆಯದು. ಅದು ಎಳೆದ ಕಡೆ ಹಾಲು ಹೋಗಬೇಕು. ಗ್ರಹಣದ ಫೋಟೋದಲ್ಲಿ ಕರೋನಾ ಎಳೆಎಳೆಯಾಗಿ, ಕಮಾನು ಕಮಾನಾಗಿ ಕಾಣುತ್ತದಲ್ಲ, ಅದು ಇದೇ.

ಬುಡವನ್ನು ಕೆಳಗೆ ಕುದಿಯುವ ಗ್ಯಾಸ್ ಅಲ್ಲಾಡಿಸುತ್ತಲೇ ಇದೆ. ಬೇಗ ಬೇಗ ಅಲ್ಲಾಡಿಸಿದರೆ ಅಲೆ. ನಿಧಾನಕ್ಕೆ ಅಲ್ಲಾಡಿಸಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗುತ್ತವೆ. ಜಡೆ ಬಿಗಿಯಾಗಿ ಬಿಗಿಯಾಗಿ ಒಂದು ಹಂತದಲ್ಲಿ ಪಟ್ ಅಂತ ಕಡಿದು ಬೇರೆ ಥರ ಕೂಡಿಕೊಳ್ಳುತ್ತದೆ. ಕೂಡಿಟ್ಟ ಶಕ್ತಿ ಶಾಖವಾಗುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಚಿಕ್ಕ ಸಿಡಿತಗಳೇ ಕರೋನಾ ಕಾಯಿಸುತ್ತವೆ ಅಂತ 1988ರಲ್ಲಿ ಅಮೆರಿಕದ ವಿಜ್ಞಾನಿ ಯೂಜೀನ್ ಪಾರ್ಕರ್ ವಾದಿಸಿದರು. ಅಲೆಯವರು, ಜಡೆಯವರು, ಎರಡು ಪಂಗಡ. ಯಾರ ಪಾಲು ಎಷ್ಟು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆದರೆ ಇಬ್ಬರ ಕಥೆಯಲ್ಲೂ ಶಕ್ತಿ ಬರುವುದು ಒಳಗಿನಿಂದ. ಹೊರಗಿನ ಕಂಬ ಯಾರ ಕಥೆಯಲ್ಲೂ ಇಲ್ಲ.

ಅಡುಗೆಮನೆ_ವಿಜ್ಞಾನ
ಮೇಷ್ಟ್ರೇ, ಪಾಯಸದಲ್ಲಿ ಶಾವಿಗೆ ಕಡಿದು ಮತ್ತೆ ಬೇರೆ ಶಾವಿಗೆಗೆ ಅಂಟುವುದನ್ನು ನಾನಂತೂ ನೋಡಿಲ್ಲ. ಮುದ್ದೆಯಾಗುತ್ತದೆ ಅಷ್ಟೆ. ತುಪ್ಪದಲ್ಲಿ ಹುರಿದುಕೊಳ್ಳಿ 😀

ಟ್ಯೂಬ್‌ಲೈಟ್
ತಮಾಷೆ ಮಾಡಿದರೂ @ಅಡುಗೆಮನೆ_ವಿಜ್ಞಾನ ಮುಖ್ಯ ಜಾಗಕ್ಕೇ ಕೈ ಹಾಕಿದ್ದಾರೆ. ಆಲ್ಫ್‌ವೆನ್ ಕೊನೆಗಾಲದಲ್ಲಿ ಇದನ್ನೇ ಆಕ್ಷೇಪಿಸುತ್ತಿದ್ದರು. ರೇಖೆ ಅನ್ನುವುದು ನಾವು ಎಳೆದುಕೊಂಡ ಗೆರೆ, ಅದು ಪ್ಲಾಸ್ಮಾಗೆ ಅಂಟಿದೆ, ಕಡಿಯುತ್ತದೆ ಅಂತೆಲ್ಲ ಮಾತಾಡಿ ಮೋಸ ಹೋಗಬೇಡಿ, ಕರೆಂಟ್ ನೋಡಿ ಅಂತ. ಅಂಟಿಕೊಂಡಿರುತ್ತದೆ ಅನ್ನುವ ಕಲ್ಪನೆ ಕೊಟ್ಟವರೇ ಅವರು! ನೊಬೆಲ್ ಭಾಷಣದಲ್ಲೂ ಎಚ್ಚರಿಕೆ ಕೊಟ್ಟರು. ನಿಜ_ಹುಡುಕು ಅವರ ಕಡೆಯವರು ಹಿಡಿದುಕೊಂಡಿದ್ದು ಈ ಎಳೆಯನ್ನು.

ಆದರೆ ಹೀಗೆ ಕಡಿದು ಕೂಡಿಕೊಳ್ಳುವ ಮರುಜೋಡಣೆ ನಡೆಯುವುದನ್ನು ಭೂಮಿಯ ಸುತ್ತಲೇ ಉಪಗ್ರಹ ಕಳಿಸಿ ಅಳೆದಿದ್ದಾರೆ. ಈ ಒಂದು ವಿಷಯದಲ್ಲಿ ದೊಡ್ಡವರು ತಪ್ಪಿದರು. ದೊಡ್ಡವರೂ ತಪ್ಪುತ್ತಾರೆ.

ನಿಜ_ಹುಡುಕು
ಸರಿ. ಸೂರ್ಯ ಒಳಗಿನಿಂದಲೇ ಉರಿಯುತ್ತಿದೆ ಅಂತ ಒಳಗೆ ಹೋಗಿ ನೋಡಿ ಬಂದವರು ಯಾರು?

ಕೆಜಿಎಫ್_ಮೊಮ್ಮಗ
ನ್ಯೂಟ್ರಿನೋ ಅನ್ನುವ ಪುಟ್ಟ ಕಣ ನೋಡಿ ಬಂದಿದೆ. ನಡುಭಾಗದಲ್ಲಿ ಹೈಡ್ರೋಜನ್ ಕೂಡಿ ಹೀಲಿಯಂ ಆಗುವಾಗ ನ್ಯೂಟ್ರಿನೋ ಹುಟ್ಟಲೇಬೇಕು. ಅದಕ್ಕೆ ಅಡ್ಡ ಬರುವವರು ಯಾರೂ ಇಲ್ಲ, ನೆಟ್ಟಗೆ ಹೊರಗೆ ಬರುತ್ತದೆ. ಈ ಸಾಲು ಓದುವಷ್ಟರಲ್ಲಿ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗಿವೆ. ಮೊದಲು ಎಣಿಸಿದಾಗ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ದಾರಿಯಲ್ಲಿ ಅವು ವೇಷ ಬದಲಿಸುತ್ತವೆ ಅಂತ ಕೆನಡಾದ ಸಡ್‌ಬರಿ ಗಣಿಯ ಪ್ರಯೋಗ 2001-02ರಲ್ಲಿ ತೋರಿಸಿತು. ಎಲ್ಲ ವೇಷ ಸೇರಿಸಿ ಎಣಿಸಿದರೆ ಲೆಕ್ಕ ಸರಿಹೋಯಿತು. ಹೊರಗಿನ ಕರೆಂಟಿನಿಂದ ಉರಿಯುವ ಸೂರ್ಯ ಈ ಲೆಕ್ಕ ಹೇಗೆ ಕೊಡುತ್ತಾನೆ?

(ಗಣಿಯಲ್ಲಿ ನ್ಯೂಟ್ರಿನೋ ಹಿಡಿಯುವುದು ನಮ್ಮೂರಿಗೆ ಹೊಸದಲ್ಲ. 1965ರಲ್ಲೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಹಿಡಿದಿದ್ದರು. ಅವು ಸೂರ್ಯನವಲ್ಲ, ನಮ್ಮ ವಾತಾವರಣದಲ್ಲಿ ಹುಟ್ಟಿದವು. ನಮ್ಮ ತಾತ ಅದೇ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಚಿನ್ನ ಬಿಟ್ಟು ಬೇರೆ ಏನೋ ಹುಡುಕುವ ಜನ ಇಳಿಯುತ್ತಿದ್ದರು ಅಂತ ಹೇಳುತ್ತಿದ್ದರು.)

ಬಿಸಿಬೇಳೆ
ಕೊನೆಯ ಸಾಲಿಗೆ ಒಂದು ಲೈಕ್ ಸಾಲದು.

ನಿಜ_ಹುಡುಕು
ನ್ಯೂಟ್ರಿನೋ ಬಗ್ಗೆ ಓದಿ ಬರುತ್ತೇನೆ. ಆದರೆ ಗೆಲಾಕ್ಸಿಗಳ ವಿಷಯ? ಅಂಚಿನ ನಕ್ಷತ್ರಗಳು ಗುರುತ್ವದ ಲೆಕ್ಕಕ್ಕಿಂತ ವೇಗವಾಗಿ ತಿರುಗುತ್ತವೆ. ಕಾಣದ ವಸ್ತು ಇದೆ ಅಂತ ಕಥೆ ಕಟ್ಟುವ ಬದಲು ಕಾಂತಕ್ಷೇತ್ರ ಅಂದರೆ ಆಯಿತಲ್ಲ?

ಪಿಯುಸಿ_ಮೇಷ್ಟ್ರು
ಆಗಲ್ಲ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಗೆಲಾಕ್ಸಿಯದು ಕೆಲವು ಮೈಕ್ರೋಗಾಸ್, ಅಂದರೆ ಅದಕ್ಕಿಂತ ಲಕ್ಷ ಪಟ್ಟು ಕಡಿಮೆ. ಅದು ತೆಳು ಅನಿಲವನ್ನು ತಳ್ಳಬಲ್ಲದು. ಆದರೆ ನಕ್ಷತ್ರ ಅಂದರೆ ಒಟ್ಟಾರೆ ವಿದ್ಯುತ್ ಸಮನಾಗಿರುವ ಭಾರೀ ಗುಂಡು, ಅದು ಅಲ್ಲಾಡುವುದೇ ಇಲ್ಲ. ಅಂಚಿನಲ್ಲಿ ನಕ್ಷತ್ರಗಳೂ ಅನಿಲವೂ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತವೆ. ಕಾಂತಕ್ಷೇತ್ರ ಎಳೆಯುತ್ತಿದ್ದರೆ ಅನಿಲ ಮಾತ್ರ ಓಡಬೇಕಿತ್ತು.

ಮಲ್ನಾಡ್_ಮಳೆ
ಹಾಗಾದರೆ ಕಾಂತಕ್ಷೇತ್ರಕ್ಕೆ ದೊಡ್ಡ ಕೆಲಸ ಏನೂ ಇಲ್ವಾ? ಸೂರ್ಯನಿಗೆ ಮೇಕಪ್ ಮಾಡುವುದು ಅಷ್ಟೇನಾ?

ಟ್ಯೂಬ್‌ಲೈಟ್
ಅಯ್ಯೋ, ಹಾಗಲ್ಲ. ಕಪ್ಪುಕುಳಿಯ ಸುತ್ತ ಅನಿಲ ತಟ್ಟೆಯ ಥರ ಸುತ್ತುತ್ತದೆ. ಸುಮ್ನೆ ಬಿಟ್ಟರೆ ಗ್ರಹದ ಹಾಗೆ ಸುತ್ತುತ್ತಲೇ ಇರಬೇಕು, ಒಳಗೆ ಬೀಳಬಾರದು. ಒಳಗೆ ಬೀಳಲು ತನ್ನ ಸುತ್ತುವಿಕೆಯನ್ನು ಯಾರಿಗಾದರೂ ದಾಟಿಸಬೇಕು. ಅದನ್ನು ದಾಟಿಸುವುದು ದುರ್ಬಲ ಕಾಂತಕ್ಷೇತ್ರ. ಒಳಗಿನ ಅನಿಲ ಬೇಗ, ಹೊರಗಿನದು ನಿಧಾನ. ನಡುವಿನ ಎಳೆ ಸ್ಪ್ರಿಂಗ್ ಥರ ಎಳೆದು ಒಳಗಿನದನ್ನು ತಡೆಯುತ್ತದೆ, ಹೊರಗಿನದನ್ನು ದಬ್ಬುತ್ತದೆ. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ ಇದರ ಮಹತ್ವ ತೋರಿಸಿದರು. ಅದರ ಗಣಿತ 1959ರಲ್ಲಿ ರಷ್ಯಾದ ವೆಲಿಖೋವ್, 1960ರಲ್ಲಿ ನಮ್ಮ ಎಸ್. ಚಂದ್ರಶೇಖರ್ ಬರೆದಿಟ್ಟಿದ್ದರು. ಮೂವತ್ತು ವರ್ಷ ಖಗೋಳದವರು ಅದನ್ನು ಈ ತಟ್ಟೆಗಳಿಗೆ ಹಚ್ಚಿ ನೋಡಲಿಲ್ಲ. ಅಲರ್ಜಿ ಅಂತ ಬೈಯುವುದಿದ್ದರೆ ಇಲ್ಲಿ ಬೈಯಿರಿ, ನಾನೂ ಸೇರುತ್ತೇನೆ.

ಎಂ87 ಅನ್ನುವ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಚಿತ್ರ ಇದೆಯಲ್ಲ, 2021ರಲ್ಲಿ ಅದರ ಮೇಲೆ ಸುಳಿಸುಳಿ ಗೆರೆ ಹಾಕಿ ಬಿಟ್ಟರು. ಅಲ್ಲಿನ ಕಾಂತಕ್ಷೇತ್ರದ ಗುರುತು ಅವು. ಬಲ ಎಷ್ಟು ಗೊತ್ತಾ? 1ರಿಂದ 30 ಗಾಸ್. ಫ್ರಿಡ್ಜ್ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಅದಕ್ಕಿಂತ ಜೋರು.

ಅಡುಗೆಮನೆ_ವಿಜ್ಞಾನ
ನಮ್ಮ ಫ್ರಿಡ್ಜ್ ಮೇಲಿರುವ ಮೈಸೂರು ಅರಮನೆ ಕಪ್ಪುಕುಳಿಗಿಂತ ಪವರ್‌ಫುಲ್!!

ಟ್ಯೂಬ್‌ಲೈಟ್
ಒಂದು ಜಾಗದಲ್ಲಿ ಅಳೆದರೆ ಹೌದು 😄 ಆದರೆ ಅದು ಸೌರವ್ಯೂಹಕ್ಕಿಂತ ದೊಡ್ಡ ಜಾಗದಲ್ಲಿ ಹರಡಿದೆ. ನಿಮ್ಮ ಅರಮನೆ ಒಂದು ಇಂಚು.

ಹ್ಯಾಮ್_ಮೈಸೂರು
ಚಂದ್ರಶೇಖರ್ ಅಂದಾಗ ನೆನಪಾಯಿತು. ಮೇಲೆ ಪಾರ್ಕರ್ ಹೆಸರು ಬಂತಲ್ಲ, 1958ರಲ್ಲಿ ಅವರು ಸೂರ್ಯನಿಂದ ಸದಾ ಗಾಳಿ ಬೀಸುತ್ತಿದೆ ಅಂತ ಲೇಖನ ಕಳಿಸಿದರು. ಇಬ್ಬರು ಪರಿಶೀಲಕರೂ ಬೇಡ ಅಂದರು. ಪತ್ರಿಕೆಯ ಸಂಪಾದಕರು ಚಂದ್ರಶೇಖರ್. ಅವರಿಗೂ ಇಷ್ಟ ಆಗಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲ, ಹಾಗಾಗಿ ಅಚ್ಚು ಹಾಕಿದರು. ನಾಲ್ಕೇ ವರ್ಷದಲ್ಲಿ ಶುಕ್ರನ ಕಡೆ ಹೋದ ಮ್ಯಾರಿನರ್-2 ಆ ಗಾಳಿಯನ್ನು ದಾರಿಯುದ್ದಕ್ಕೂ ಅಳೆಯಿತು. 2018ರಲ್ಲಿ ಪಾರ್ಕರ್ ಹೆಸರಿನ ನೌಕೆ ಹಾರಿದಾಗ ಅವರು ಎದುರಿಗೇ ಕೂತು ನೋಡಿದರು, 91 ವಯಸ್ಸು. ಆ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ 61 ಲಕ್ಷ ಕಿಲೋಮೀಟರ್ ಹತ್ತಿರ ಹೋಗಿ ಬಂತು.

ಹೊಸಪೇಟೆ_ಬಿಸಿಲು
ನನ್ನ ಸುರುಸುರುಬತ್ತಿ ಅರ್ಧ ಉತ್ತರ ಅಂತ ಒಪ್ಪಿದೆ ಮೇಷ್ಟ್ರೇ. ಆದರೆ 10 ಲಕ್ಷ ಡಿಗ್ರಿ ಅಂತ ಥರ್ಮಾಮೀಟರ್ ಇಟ್ಟವರು ಯಾರು?

ಗೌರಿಬಿದನೂರು_ಪಕ್ಕ
ಕಬ್ಬಿಣ ಹೇಳಿತು. ಹೊಸಪೇಟೆಯವರಿಗೆ ಕಬ್ಬಿಣದ ಬಗ್ಗೆ ನಾನು ಹೇಳಬೇಕಾ!

1869ರ ಗ್ರಹಣದಲ್ಲಿ ಕರೋನಾದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಒಂದು ಹಸಿರು ಗೆರೆ ಸಿಕ್ಕಿತು. ಭೂಮಿಯ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಹೊಸ ವಸ್ತು ಅಂದುಕೊಂಡು "ಕರೋನಿಯಂ" ಅಂತ ಹೆಸರಿಟ್ಟರು. ಎಪ್ಪತ್ತು ವರ್ಷ ಅದೇ ಗುಂಗು. 1940ರ ಆಸುಪಾಸಿನಲ್ಲಿ ಜರ್ಮನಿಯ ಗ್ರೋಟ್ರಿಯನ್, ಸ್ವೀಡನ್ನಿನ ಎಡ್ಲೆನ್ ಗಂಟು ಬಿಡಿಸಿದರು. ಅದು ನಮ್ಮ ಮಾಮೂಲಿ ಕಬ್ಬಿಣ. ಇರುವ 26 ಎಲೆಕ್ಟ್ರಾನ್‌ನಲ್ಲಿ 13 ಕಳೆದುಕೊಂಡು ನಿಂತಿದೆ. ಕಬ್ಬಿಣದಿಂದ 13 ಕಿತ್ತುಕೊಳ್ಳಬೇಕಾದರೆ 10-20 ಲಕ್ಷ ಡಿಗ್ರಿ ಬೇಕೇ ಬೇಕು.

ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ-ಎಲ್1ರಲ್ಲಿ ಹೊಸಕೋಟೆಯಲ್ಲಿ ಕಟ್ಟಿದ ವಿಇಎಲ್‌ಸಿ ಕ್ಯಾಮೆರಾ ಇದೆಯಲ್ಲ, ಅದು ನೋಡುವ ಗೆರೆಗಳಲ್ಲಿ ಈ ಹಸಿರು ಗೆರೆಯೂ ಒಂದು. ಗ್ರಹಣಕ್ಕೆ ಕಾಯಬೇಕಿಲ್ಲ, ಒಳಗೇ ಒಂದು ತಟ್ಟೆ ಸೂರ್ಯನನ್ನು ಮುಚ್ಚುತ್ತದೆ. ಅದೇ ನೌಕೆಗೆ 6 ಮೀಟರ್ ಉದ್ದದ ಕೋಲಿನ ಮೇಲೆ ಕಾಂತಮಾಪಕ ಕಟ್ಟಿದ್ದಾರೆ. ನೌಕೆಯ ಸ್ವಂತ ವೈರಿಂಗಿನ ಕಾಂತಕ್ಷೇತ್ರ ಅಳತೆ ಕೆಡಿಸಬಾರದು ಅಂತ ಅಷ್ಟು ದೂರ.

ಹೊಸಪೇಟೆ_ಬಿಸಿಲು
ಸಂಡೂರು ಗುಡ್ಡ ನೋಡಿದಾಗೆಲ್ಲ ಇನ್ನು 13 ಎಲೆಕ್ಟ್ರಾನ್ ನೆನಪಾಗುತ್ತದೆ ಗುರು.

ನಿಜ_ಹುಡುಕು
ಸಡ್‌ಬರಿ ಬಗ್ಗೆ ಓದಿದೆ. ನ್ಯೂಟ್ರಿನೋ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಗೆಲಾಕ್ಸಿ ವಿಷಯ ಬಿಟ್ಟುಕೊಡಲ್ಲ.

ಪಿಯುಸಿ_ಮೇಷ್ಟ್ರು
ಬಿಟ್ಟುಕೊಡಬೇಡಿ, ಲೆಕ್ಕ ಹಾಕಿ ತನ್ನಿ. ಹೊಸ ಥ್ರೆಡ್ ತೆಗೆಯೋಣ.

ಕಡಲೆಪುರಿ
ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಗೀಸರ್ ಉದಾಹರಣೆ ಒಪ್ಪಲಿಲ್ಲ, "ನಮ್ಮನೆ ಗೀಸರ್ ಕೆಟ್ಟು ತಿಂಗಳಾಯ್ತು, ಮೊದಲು ಅದನ್ನ ಮಾಡ್ಸು" ಅಂದರು. ಶಾವಿಗೆ ಪಾಯಸ ಅಂದಾಗ ಅಮ್ಮ ಅಡುಗೆಮನೆಯಿಂದ ಬಂದು ಕೂತರು. ಕಬ್ಬಿಣದ ಕಥೆಗೆ ಮಾತ್ರ ಅಪ್ಪ ಕನ್ನಡಕ ತೆಗೆದು, "ಎಪ್ಪತ್ತು ವರ್ಷ ಕಬ್ಬಿಣ ಅಂತ ಗೊತ್ತಾಗ್ಲಿಲ್ವಾ?" ಅಂತ ಎರಡು ಸಲ ಕೇಳಿದರು. ಈಗ ಕೊಡೈಕೆನಾಲ್‌ಗೆ ಹೋಗಿ ಸೂರ್ಯನ ದೂರದರ್ಶಕ ನೋಡಬೇಕಂತೆ. ಯಾರಾದರೂ ಹೋಗಿದ್ದೀರಾ?

ಮಲ್ನಾಡ್_ಮಳೆ
ನಾನು ಹೋಗಿದ್ದೆ. 1909ರಲ್ಲಿ ಎವರ್ಶೆಡ್ ಸೂರ್ಯಕಲೆಯಿಂದ ಅನಿಲ ಹೊರಕ್ಕೆ ಹರಿಯುವುದನ್ನು ಕಂಡುಹಿಡಿದ ಜಾಗ ಅದು. ನೂರು ವರ್ಷಕ್ಕೂ ಹಿಂದಿನಿಂದ ಸೂರ್ಯನ ಫೋಟೋ ತೆಗೆದು ಇಟ್ಟಿದ್ದಾರೆ. ನಾನು ಹೋದ ದಿನ ಮಂಜು ಹೇಗಿತ್ತು ಅಂದರೆ ಸೂರ್ಯ ಬಿಡಿ, ಪಕ್ಕದಲ್ಲಿದ್ದ ಹೆಂಡತಿ ಕಾಣುತ್ತಿರಲಿಲ್ಲ. ಬೆಳಗ್ಗೆ ಬೇಗ ಹೋಗಿ. ಸ್ವೆಟರ್ ಮರೀಬೇಡಿ.

ಹ್ಯಾಮ್_ಮೈಸೂರು
ಹತ್ತು ನಿಮಿಷದಿಂದ 15 ಮೀಟರ್ ಬ್ಯಾಂಡ್ ಮತ್ತೆ ಸತ್ತಿದೆ. ಯಾರಾದರೂ ಸೂರ್ಯನ ಎಕ್ಸ್-ರೇ ಗ್ರಾಫ್ ನೋಡಿ ಹೇಳ್ತೀರಾ? ತಾರಸಿ ಹತ್ತುವ ಮುಂಚೆ ಕೇಳುತ್ತಿದ್ದೇನೆ.

ಗೌರಿಬಿದನೂರು_ಪಕ್ಕ
ನೋಡಿದೆ. ಗ್ರಾಫ್ ಸಪಾಟಾಗಿದೆ ಸರ್. ಈ ಸಲ ಇಲಿನೇ.